ದಂಡಿಗನಹಳ್ಳಿಯ ಶರತ್ಕಾಲ: ಮನೆಯಲ್ಲಿ ಮಗುವಿನೊಡನೆ ಒಂದು ಪ್ರಕೃತಿಪಾಠ

ಶರದೃತುವೆಂದರೆ ಆಶ್ವೀಜ, ಕಾರ್ತಿಕ ಮಾಸಗಳೆಂದು ನಮ್ಮ ಪಂಚಾಂಗಗಳು ಹೇಳುತ್ತವೆ. ಪಾಶ್ಚಾತ್ಯರ ಗಣನೆಯಂತೆ ಸೆಪ್ಟೆಂಬರ್ 22 ಅಥವಾ 23ರಂದು ಸೂರ್ಯನು ವಿಷುವದ್ವೃತ್ತವನ್ನು ದಾಟಿ ದಕ್ಷಿಣಕ್ಕೆ ಸರಿದಂದು ಈ ಕಾಲವು ಮೊದಲಾಗಿ ಡಿಸೆಂಬರ್ 21 ಅಥವಾ 22ಕ್ಕೆ ಮುಗಿಯುತ್ತದೆ. ಹಾಸನ ಜಿಲ್ಲೆಯ ರೈತನಾದರೋ ಈ ಎರಡು ಲೆಕ್ಕಗಳನ್ನೂ ಬದಿಗಿಟ್ಟು ಮಳೆಯ ನಕ್ಷತ್ರಗಳಿಂದ ದಿನವೆಣಿಸುತ್ತಾನೆ: ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನಾದುದರಿಂದ ಇದು ವಾಸ್ತವವಾಗಿ ಒಂದು ಸೌರಪಂಚಾಂಗವೇ ಆಗಿದೆ. ಹೆಸರು ಮಳೆಯದು, ಲೆಕ್ಕ ಸೂರ್ಯನದು. ಸಂಸ್ಕೃತ ಕಾವ್ಯಗಳಲ್ಲಿ ಶರತ್ಕಾಲದ ಆಕಾಶವು ತೊಳೆದಿಟ್ಟಂತೆ ನಿರ್ಮಲವಾಗಿರುತ್ತದೆ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಅಕ್ಟೋಬರ್ ತಿಂಗಳ ಎಷ್ಟೋ ಮಧ್ಯಾಹ್ನಗಳು ಗುಡುಗಿನೊಡನೆ ಮುಗಿಯುತ್ತವೆ. ಋತುಗಳ ವರ್ಣನೆಯನ್ನು ಒಂದು ದೇಶದಿಂದ ಇನ್ನೊಂದಕ್ಕೆ ಹಾಗೆಯೇ ಹೊತ್ತು ತರಲಾಗದು ಎಂಬುದಕ್ಕೆ ಇಷ್ಟು ಸಾಕು.

ಆದರೂ ಹೊತ್ತು ತರುತ್ತಾರೆ. ಈಗಿನ ಚಿಕ್ಕ ಮಕ್ಕಳ ಶಾಲಾಪುಸ್ತಕಗಳಲ್ಲಿ ಶರತ್ಕಾಲದ ಪುಟವನ್ನು ತೆರೆದರೆ ಕೆಂಪು, ಕಿತ್ತಳೆ, ಹಳದಿ ಬಣ್ಣದ ಎಲೆಗಳು ಗಾಳಿಯಲ್ಲಿ ತೂರಾಡುತ್ತಿರುತ್ತವೆ. ಉಣ್ಣೆಯ ಟೋಪಿ ತೊಟ್ಟ ಬಾಲಕನೊಬ್ಬನು ಅವುಗಳನ್ನು ಆಯುತ್ತಿರುತ್ತಾನೆ. ದಂಡಿಗನಹಳ್ಳಿಯ ನಮ್ಮ ಮನೆಯಿಂದ ಪಟ್ಟಣದ ಶಾಲೆಯೊಂದಕ್ಕೆ ಹೋಗುವ ನಮ್ಮ ಐದು ವರ್ಷದ ಮಗಳಿಗೆ ದಸರೆಯ ರಜೆಯಲ್ಲಿ ಮಾಡಿ ತರಬೇಕೆಂದು ಕೊಟ್ಟ ಕೆಲಸವೂ ಇದೇ ಆಗಿತ್ತು: ಉದುರಿದ ಬಣ್ಣದ ಎಲೆಗಳನ್ನು ಆಯ್ದು ಕಾಗದಕ್ಕೆ ಅಂಟಿಸುವುದು. ಅವಳು ಎರಡು ದಿನ ಹಿತ್ತಿಲು, ತೋಟ, ಹೊಲದ ಬದು ಎಲ್ಲವನ್ನೂ ಸುತ್ತಿದಳು. ಹೊಂಗೆಯ ಮರ ಕಡುಹಸಿರಾಗಿತ್ತು, ಅರಳಿಯ ಮರವೂ ಹಸಿರಾಗಿತ್ತು, ತೆಂಗಂತೂ ಎಂದಿನಂತೆಯೇ ಇತ್ತು. ಕೊನೆಗೆ ಬಂದು, ನಮ್ಮೂರಿಗೆ ಶರತ್ಕಾಲ ಬರುವುದಿಲ್ಲವೇ ಎಂದು ಕೇಳಿದಳು.

ಬಣ್ಣದ ಪೆನ್ಸಿಲು ಕೊಟ್ಟು, ಒಂದು ಹಸಿರೆಲೆಗೆ ಕೆಂಪು ಬಳಿದು ಅಂಟಿಸೆಂದು ಹೇಳಿ ಮಗುವನ್ನು ಸಮಾಧಾನಪಡಿಸುವುದು ಸುಲಭ. ಆದರೆ ಹಾಗೆ ಮಾಡಿದಾಗ ಮಗುವು ಕಲಿಯುವುದು ಎಲೆಯ ಪಾಠವನ್ನಲ್ಲ. ಕಣ್ಣು ಕಂಡದ್ದಕ್ಕೂ ಪುಸ್ತಕ ಹೇಳಿದ್ದಕ್ಕೂ ವಿರೋಧ ಬಂದಾಗ ಕಣ್ಣನ್ನೇ ತಿದ್ದಿಕೊಳ್ಳಬೇಕೆಂಬುದನ್ನು. ವಿಜ್ಞಾನವನ್ನು ಕಲಿಸುವವರಿಗೆ ಇದಕ್ಕಿಂತ ಕೆಟ್ಟ ಆರಂಭವಿಲ್ಲ. ಆದಕಾರಣ ಆ ಪ್ರಶ್ನೆಯನ್ನು ನಾವು ಪ್ರಶ್ನೆಯಾಗಿಯೇ ತೆಗೆದುಕೊಂಡು, ಮನೆಯಲ್ಲಿಯೂ ಹೊಲದಲ್ಲಿಯೂ ದೊರೆಯುವ ವಸ್ತುಗಳಿಂದ ಮಾಡಿದ ಕೆಲವು ಪರೀಕ್ಷೆಗಳನ್ನೂ ಕೈಕೆಲಸಗಳನ್ನೂ ಇಲ್ಲಿ ವಿವರಿಸುತ್ತೇವೆ.

ಎಲೆಯೊಳಗಿನ ಹಳದಿ

ಮೊದಲು ಆ ಕೆಂಪೆಲೆಯ ವಿಷಯ. ಲಂಡನ್ ನಗರದಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಎಂಟು ಗಂಟೆಗಳಿಗಿಂತ ಹೆಚ್ಚು ವ್ಯತ್ಯಾಸವುಂಟು. ನಮ್ಮಲ್ಲಿ ಆ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಬೆಳಕು ಅಷ್ಟು ಕುಗ್ಗಿ, ನೆಲದ ನೀರು ಹೆಪ್ಪುಗಟ್ಟುವ ದೇಶದಲ್ಲಿ ಅಗಲವಾದ ತೆಳು ಎಲೆಗಳನ್ನು ಚಳಿಗಾಲದುದ್ದಕ್ಕೂ ಇಟ್ಟುಕೊಳ್ಳುವುದು ಮರಕ್ಕೆ ನಷ್ಟದ ಬಾಬು. ಆದುದರಿಂದ ಅದು ಎಲೆಯಲ್ಲಿರುವ ಸಾರಜನಕ ಮೊದಲಾದ ಬೆಲೆಯುಳ್ಳ ದ್ರವ್ಯಗಳನ್ನು ಕಾಂಡಕ್ಕೆ ಹಿಂದೆಗೆದುಕೊಂಡು, ತೊಟ್ಟಿನ ಬುಡದಲ್ಲಿ ಬಿರಡೆಯಂತಹ ಒಂದು ಪದರವನ್ನು ಬೆಳೆಸಿ, ಎಲೆಯನ್ನು ಕಳಚಿಬಿಡುತ್ತದೆ. ಈ ಕ್ರಮದಲ್ಲಿ ಹಸಿರು ಬಣ್ಣಕ್ಕೆ ಕಾರಣವಾದ ಪತ್ರಹರಿತ್ತು ಒಡೆದುಹೋಗಿ, ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಬಣ್ಣದ ದ್ರವ್ಯಗಳು ಹೊರಗೆ ಕಾಣುತ್ತವೆ. ಕೆಂಪು ಹಾಗಲ್ಲ, ಅದು ಎಲೆಯ ಕೊನೆಗಾಲದಲ್ಲಿ ಹೊಸದಾಗಿ ತಯಾರಾಗುತ್ತದೆ.

ನಮ್ಮ ಮರಗಳಿಗೆ ಭಯ ಚಳಿಯದಲ್ಲ, ನೀರಿನ ಅಭಾವದ್ದು. ಅಕ್ಟೋಬರಿನಲ್ಲಿ ನೆಲವು ತೇವದಿಂದ ತುಂಬಿರುವಾಗ ಎಲೆಯುದುರಿಸಲು ಅವಕ್ಕೆ ಕಾರಣವೇ ಇಲ್ಲ. ಮಳೆ ನಿಂತು ಮೂರು ನಾಲ್ಕು ತಿಂಗಳು ಕಳೆದು, ಮಾಘ ಫಾಲ್ಗುಣಗಳಲ್ಲಿ ನೆಲವೊಣಗಿದಾಗ ಹೊಂಗೆ, ಬೂರುಗ, ಮುತ್ತುಗಗಳು ಎಲೆ ಕಳಚುತ್ತವೆ. ನಮ್ಮ ಎಲೆಯುದುರುವ ಕಾಲ ಅದು. ಅದರ ಹೆಸರು ಶಿಶಿರ. ಕೆಂಪೆಲೆಯೇ ಬೇಕೆಂಬ ಮಗುವಿಗೆ ಕಾಡುಬಾದಾಮಿಯ ಮರವೊಂದಿದ್ದರೆ ಸಾಕು. ಚಳಿಗಾಲದಲ್ಲಿ ಅದರ ಎಲೆಗಳು ಉದುರುವ ಮುನ್ನ ಯಾವ ಪರದೇಶದ ಮರಕ್ಕೂ ಸೋಲದಂತೆ ಕೆಂಪಾಗುತ್ತವೆ.

ಪರದೇಶದ ಎಲೆಯ ಹಳದಿಯು ನಮ್ಮ ಹಸಿರೆಲೆಯೊಳಗೂ ಅಡಗಿರುವುದನ್ನು ಮಗುವಿಗೆ ತೋರಿಸಬಹುದು. ನುಗ್ಗೆಸೊಪ್ಪನ್ನೋ ಪಾಲಕ್ ಸೊಪ್ಪನ್ನೋ ಒಂದು ಹಿಡಿ ಕಲ್ಲಿನಲ್ಲಿ ಜಜ್ಜಿ, ಔಷಧದ ಅಂಗಡಿಯಲ್ಲಿ ದೊರೆಯುವ ಸ್ಪಿರಿಟ್ಟನ್ನು ಅದು ಮುಳುಗುವಷ್ಟು ಹಾಕಿ ಅರ್ಧ ಗಂಟೆ ಬಿಡಬೇಕು. ಸ್ಪಿರಿಟ್ಟು ಬೇಗ ಹೊತ್ತಿಕೊಳ್ಳುವ ವಸ್ತುವಾದ ಕಾರಣ ಈ ಕೆಲಸ ಹಿರಿಯರದು; ಒಲೆ, ದೀಪಗಳು ಹತ್ತಿರದಲ್ಲಿರಬಾರದು. ಹಸಿರು ದ್ರವವನ್ನು ಒಂದು ತಟ್ಟೆಗೆ ಬಸಿದು, ಬಿಳಿಯ ಸೀಮೆಸುಣ್ಣದ ಕಡ್ಡಿಯೊಂದನ್ನೋ ಮಸಿಹೀರುವ ಕಾಗದದ ಪಟ್ಟಿಯನ್ನೋ ಅದರಲ್ಲಿ ನಿಲ್ಲಿಸಿದರೆ ದ್ರವವು ಮೆಲ್ಲಗೆ ಮೇಲೇರುತ್ತದೆ. ಬಣ್ಣಗಳೆಲ್ಲವೂ ಒಂದೇ ವೇಗದಿಂದ ಏರುವುದಿಲ್ಲ. ಹಸಿರು ಒಂದೆಡೆ ಉಳಿದು, ಅದರಿಂದ ಬೇರ್ಪಟ್ಟ ಹಳದಿಯ ತೆಳುವಾದ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ಬಣ್ಣಗಳನ್ನು ಬೇರ್ಪಡಿಸಿದ ಉಪಾಯವೂ ತತ್ತ್ವತಃ ಇದೇ. ಇಂದು ರಸಾಯನಶಾಲೆಗಳಲ್ಲಿ ನಿತ್ಯವೂ ನಡೆಯುವ ವರ್ಣಲೇಖನ ವಿಧಾನವು ಅಲ್ಲಿಂದ ಹುಟ್ಟಿತು. ನಮ್ಮ ಮಗಳು ಆ ಸೀಮೆಸುಣ್ಣವನ್ನೇ ಕಾಗದಕ್ಕೆ ಅಂಟಿಸಿಕೊಂಡು ಶಾಲೆಗೆ ಹೋದಳು. ಅಲ್ಲಿ ಅದಕ್ಕೆ ಅಂಕ ಬಂದಿತೋ ಇಲ್ಲವೋ ನಾವು ಕೇಳಲಿಲ್ಲ.

ನೆರಳಿನ ದಾರಗಳು

ಎಲೆಯಲ್ಲಿ ಕಾಣದ ಶರತ್ಕಾಲವು ನೆರಳಿನಲ್ಲಿ ನಿಚ್ಚಳವಾಗಿ ಕಾಣುತ್ತದೆ. ಅಂಗಳದಲ್ಲಿ ನೆಲದ ಮೇಲೆ ಸರಿಯಾಗಿ ಒಂದು ಮೀಟರ್ ಉಳಿಯುವಂತೆ ಬಿದಿರಿನ ಕಡ್ಡಿಯೊಂದನ್ನು ನೆಡಬೇಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕಡ್ಡಿ ನೆಟ್ಟಗಿದೆಯೇ ಎಂದು ಎರಡು ಕಡೆಗಳಿಂದ ನೋಡಿಕೊಂಡರೆ ಸಾಕು. ನಡುಹಗಲಿನಲ್ಲಿ ನೆರಳು ಅತ್ಯಂತ ಗಿಡ್ಡವಾದಾಗ ಮಗುವು ಅದರ ಉದ್ದಕ್ಕೆ ಒಂದು ಬಣ್ಣದ ದಾರವನ್ನು ಹಿಡಿದು ಕತ್ತರಿಸಿ, ದಪ್ಪ ಕಾಗದದ ಮೇಲೆ ಅಂಟಿಸಬೇಕು. ಇಷ್ಟೇ ಕೈಕೆಲಸ. ಅಂಕಿಗಳ ಪರಿಚಯವಿಲ್ಲದ ಮಗುವೂ ಇದನ್ನು ಮಾಡಬಲ್ಲದು. ತಿಂಗಳಿಗೊಂದರಂತೆ ದಾರಗಳು ಸಾಲಾಗಿ ನಿಂತಾಗ ಅದೊಂದು ರೇಖಾಚಿತ್ರವೇ ಆಗಿಬಿಡುತ್ತದೆ.

ನಡುಹಗಲೆಂದರೆ ಗಡಿಯಾರದ ಹನ್ನೆರಡು ಗಂಟೆಯಲ್ಲ. ನಮ್ಮ ಗಡಿಯಾರಗಳು ಮಿರ್ಜಾಪುರದ ಬಳಿ ಹಾಯುವ 82½ ಡಿಗ್ರಿ ರೇಖಾಂಶವನ್ನು ಅನುಸರಿಸುತ್ತವೆ. ಚನ್ನರಾಯಪಟ್ಟಣದ ಸೀಮೆಯು ಅಲ್ಲಿಂದ ಆರು ಡಿಗ್ರಿಗೂ ಕೊಂಚ ಹೆಚ್ಚು ಪಶ್ಚಿಮದಲ್ಲಿರುವುದರಿಂದ ಸೂರ್ಯನು ನಮ್ಮಲ್ಲಿಗೆ ಸರಾಸರಿ 24 ಮಿನಿಟು ತಡವಾಗಿ ಬರುತ್ತಾನೆ. ಇದಲ್ಲದೆ ಭೂಮಿಯ ಕಕ್ಷೆ ಅಂಡಾಕಾರವಾಗಿರುವುದರಿಂದಲೂ ಅದರ ಅಕ್ಷ ಓರೆಯಾಗಿರುವುದರಿಂದಲೂ ಕೆಲವು ಮಿನಿಟುಗಳ ಹೆಚ್ಚುಕಡಮೆಯುಂಟು. ಎಲ್ಲವನ್ನೂ ಸೇರಿಸಿದರೆ ದಂಡಿಗನಹಳ್ಳಿಯಲ್ಲಿ ನೆರಳು ಗಿಡ್ಡವಾಗುವುದು ಸೆಪ್ಟೆಂಬರ್ 23ರಂದು ಸುಮಾರು 12 ಗಂಟೆ 17 ಮಿನಿಟಿಗೆ, ನವೆಂಬರ್ ಮೊದಲ ವಾರದಲ್ಲಿ 12 ಗಂಟೆ 8 ಮಿನಿಟಿಗೆ, ಡಿಸೆಂಬರ್ 22ರಂದು 12 ಗಂಟೆ 23 ಮಿನಿಟಿಗೆ.

ನಾವಿರುವುದು ವಿಷುವದ್ವೃತ್ತದಿಂದ 12.9 ಡಿಗ್ರಿ ಉತ್ತರದಲ್ಲಿ. ಸೂರ್ಯನು ವಿಷುವದ್ವೃತ್ತದ ನೆತ್ತಿಯ ಮೇಲಿರುವ ದಿನ ನಮ್ಮ ನೆತ್ತಿಯಿಂದ ಅಷ್ಟೇ ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಒಂದು ಮೀಟರ್ ಕಡ್ಡಿಯ ನೆರಳು 23 ಸೆಂಟಿಮೀಟರು. ಅಕ್ಟೋಬರ್ 23ಕ್ಕೆ ಅದು 45 ಆಗುತ್ತದೆ. ನವೆಂಬರ್ 22ಕ್ಕೆ 65. ಡಿಸೆಂಬರ್ 22ಕ್ಕೆ 74. ದಾರಗಳನ್ನು ಪಕ್ಕಪಕ್ಕದಲ್ಲಿ ಅಂಟಿಸಿದಾಗ ಮಗುವಿನ ಕಣ್ಣಿಗೆ ತಾನಾಗಿಯೇ ಬೀಳುವ ಸಂಗತಿಯೊಂದುಂಟು: ಮೊದಲನೆಯ ತಿಂಗಳಲ್ಲಿ ನೆರಳು 22 ಸೆಂಟಿಮೀಟರು ಬೆಳೆಯಿತು, ಎರಡನೆಯದರಲ್ಲಿ 20, ಮೂರನೆಯದರಲ್ಲಿ ಕೇವಲ 9. ತೂಗುಯ್ಯಾಲೆಯು ತನ್ನ ತುದಿಯನ್ನು ಮುಟ್ಟುವಾಗ ಮೆಲ್ಲಗಾಗಿ, ನಿಂತಂತಾಗಿ, ಹಿಂದಿರುಗುವಂತೆ ಸೂರ್ಯನೂ ದಕ್ಷಿಣದ ತುದಿಯಲ್ಲಿ ನಿಧಾನಿಸುತ್ತಾನೆ. ಮಗುವಿಗೆ ಉಯ್ಯಾಲೆಯ ಹೋಲಿಕೆ ಸಾಕು. ಕಾಲೇಜಿನ ವಿದ್ಯಾರ್ಥಿಗಳಿಗೆ ಇದೇ ಸಂಗತಿಯನ್ನು ಸಮೀಕರಣದಿಂದ ಹೇಳಿಕೊಡುವಾಗ ನಾವು ಇಷ್ಟು ಚೆನ್ನಾಗಿ ಹೇಳಿದ್ದೆವೆಂದು ತೋರುವುದಿಲ್ಲ.

ಚಿತ್ತೆ ಮಳೆಯ ಮೋಡ ಅಡ್ಡಬಂದರೆ ಮರುದಿನ ಅಳೆಯಬಹುದು. ಒಂದು ದಿನದಲ್ಲಿ ಆಗುವ ವ್ಯತ್ಯಾಸ ಒಂದು ಸೆಂಟಿಮೀಟರಿಗಿಂತ ಕಡಮೆ. ಬೀದರಿನಲ್ಲಿ ನೆಂಟರಿರುವವರು ಅದೇ ಸೆಪ್ಟೆಂಬರ್ 23ರಂದು ಅಲ್ಲಿಯೂ ಒಂದು ಕಡ್ಡಿಯನ್ನು ನೆಡಿಸಲಿ. ಅಲ್ಲಿನ ನೆರಳು 32 ಸೆಂಟಿಮೀಟರು ಬರುತ್ತದೆ. ಭೂಮಿ ಚಪ್ಪಟೆಯಾಗಿದ್ದು ಸೂರ್ಯನು ಬಹುದೂರದಲ್ಲಿದ್ದ ಪಕ್ಷದಲ್ಲಿ ಎರಡು ನೆರಳುಗಳೂ ಸಮವಾಗಿರಬೇಕಾಗಿತ್ತು.

ಅವರೆಗೆ ರಾತ್ರಿಯ ಅಳತೆ

ನಮ್ಮ ಸೀಮೆಯ ಶರತ್ಕಾಲವನ್ನು ಮರದಲ್ಲಿ ಹುಡುಕಬಾರದು, ಹೊಲದಲ್ಲಿ ಹುಡುಕಬೇಕು. ರಾಗಿಯ ಹೊಲದಲ್ಲಿ ಕೆಲವು ಸಾಲುಗಳಿಗೊಮ್ಮೆ ಅವರೆ, ಹುಚ್ಚೆಳ್ಳು, ತೊಗರಿಗಳನ್ನು ಅಕ್ಕಡಿಯಾಗಿ ಬಿತ್ತುವ ಪದ್ಧತಿಯು ಈಚೆಗೆ ಕಡಮೆಯಾಗುತ್ತಿದ್ದರೂ ಇನ್ನೂ ಅಳಿದಿಲ್ಲ. ಅಂತಹ ಹೊಲವೊಂದನ್ನು ಆಶ್ವೀಜದ ಕೊನೆಯಲ್ಲಿ ನೋಡಬೇಕು: ರಾಗಿಯ ತೆನೆಗಳು ಮುಷ್ಟಿ ಬಿಗಿಯುತ್ತಿರುತ್ತವೆ, ಹುಚ್ಚೆಳ್ಳಿನ ಸಾಲುಗಳು ಅರಿಸಿನ ಚೆಲ್ಲಿದಂತೆ ಹಳದಿಯಾಗಿರುತ್ತವೆ, ಅವರೆಯ ಬಳ್ಳಿಗಳು ಮೊಗ್ಗುಬಿಡಲು ಆರಂಭಿಸಿರುತ್ತವೆ. ಪುಸ್ತಕದ ಚಿತ್ರದಲ್ಲಿದ್ದ ಹಳದಿ ಬೇಕಿದ್ದ ಮಗುವಿಗೆ ಇಲ್ಲಿ ಅದಕ್ಕಿಂತ ಹೆಚ್ಚಿನ ಹಳದಿಯುಂಟು.

ಅವರೆಯ ವಿಷಯದಲ್ಲಿ ಮನೆಯ ಅಜ್ಜಿಯು ಮಗುವಿಗೆ ಹೇಳಿದ ಮಾತೊಂದು ನಮ್ಮ ಗಮನವನ್ನು ಸೆಳೆಯಿತು. ಮುಂಚೆ ಬಿತ್ತಿದ ಅವರೆಯೂ ಹಿಂದೆ ಬಿತ್ತಿದ ಅವರೆಯೂ ಹೂಬಿಡುವುದು ಹೆಚ್ಚುಕಡಮೆ ಒಟ್ಟಿಗೇ; ಅವರೆ ನೋಡುವುದು ಬಿತ್ತಿದ ದಿನವನ್ನಲ್ಲ, ಇಬ್ಬನಿ ಬೀಳುವುದನ್ನು ಎಂದು ಆಕೆಯ ಅಭಿಪ್ರಾಯ. ಈ ಮಾತಿನಲ್ಲಿ ಎರಡು ಭಾಗಗಳಿವೆ: ಮೊದಲನೆಯದು ಅವಲೋಕನ, ಎರಡನೆಯದು ಕಾರಣದ ಊಹೆ. ಅವಲೋಕನ ಸಂಪೂರ್ಣವಾಗಿ ನಿಜ. ಊಹೆಯನ್ನು ಪರೀಕ್ಷಿಸಬೇಕು.

ಇದನ್ನೇ ಹೋಲುವ ಒಗಟೊಂದು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬುವರಿಗೆ ಹೊಗೆಸೊಪ್ಪಿನ ಒಂದು ತಳಿಯಲ್ಲಿ ಎದುರಾಯಿತು. ಬೇಸಗೆಯುದ್ದಕ್ಕೂ ಆಳೆತ್ತರ ಮೀರಿ ಬೆಳೆದರೂ ಅದು ಹೂಬಿಡುತ್ತಿರಲಿಲ್ಲ. ಅವರು ಗಿಡಗಳನ್ನು ಪ್ರತಿದಿನ ಸಂಜೆಗೆ ಮುಂಚೆಯೇ ಕತ್ತಲೆಯ ಕೋಣೆಗೆ ಒಯ್ದಿಟ್ಟು, ಬೇಸಗೆಯಲ್ಲಿಯೇ ಹಗಲನ್ನು ಗಿಡ್ಡಮಾಡಿದಾಗ ಹೂ ಬಂದಿತು. 1920ರಲ್ಲಿ ಪ್ರಕಟವಾದ ಈ ಶೋಧದಿಂದ, ಎಷ್ಟೋ ಸಸ್ಯಗಳು ಹಗಲಿರುಳುಗಳ ಉದ್ದವನ್ನು ಅಳೆದು ಹೂಬಿಡುತ್ತವೆಂಬುದು ತಿಳಿಯಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಇನ್ನೂ ಮುಂದೆ ಹೋಗಿ, ಇಂತಹ ಸಸ್ಯಗಳಿಗೆ ಮುಖ್ಯವಾದುದು ಹಗಲಿನ ಉದ್ದವಲ್ಲ, ಎಡೆಬಿಡದ ಕತ್ತಲೆಯ ಉದ್ದ ಎಂದು ತೋರಿಸಿದರು. ನಡುರಾತ್ರಿಯಲ್ಲಿ ಸ್ವಲ್ಪ ಹೊತ್ತು ದೀಪ ಹಚ್ಚಿದರೂ ಗಿಡದ ಲೆಕ್ಕ ಕೆಟ್ಟು ಹೂ ಬರಲಿಲ್ಲ. ಅವರು ಈ ಪ್ರಯೋಗಕ್ಕೆ ಬಳಸಿದ ಗಿಡ ಯಾವುದೆಂದು ಬಲ್ಲಿರಾ? ನಮ್ಮ ಹೊಲಗಳ ಬದುವಿನಲ್ಲಿಯೂ ಕೆರೆಯಂಗಳದಲ್ಲಿಯೂ ಹುಚ್ಚಾಗಿ ಬೆಳೆದು, ಮಕ್ಕಳ ಬಟ್ಟೆಗೂ ಕುರಿಯ ತುಪ್ಪಟಕ್ಕೂ ತನ್ನ ಮುಳ್ಳುಕಾಯಿಗಳನ್ನು ಅಂಟಿಸುವ ಮರುಳುಮತ್ತಿ. ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ದ್ರವ್ಯವು ಸಸ್ಯಗಳಲ್ಲಿರುವುದು 1959ರಲ್ಲಿ ಪತ್ತೆಯಾಯಿತು.

ಅವರೆಯ ನಾಟಿ ತಳಿಗಳು ಈ ವರ್ಗಕ್ಕೇ ಸೇರಿದವು. ಆದರೆ ಪುಸ್ತಕ ಹೀಗೆನ್ನುತ್ತದೆಂದು ಅಜ್ಜಿಯ ಮಾತನ್ನು ತಳ್ಳಿಹಾಕಿದರೆ, ಕೆಂಪೆಲೆಯ ಪುಸ್ತಕವನ್ನು ನಂಬಿದ್ದಕ್ಕೂ ಇದಕ್ಕೂ ವ್ಯತ್ಯಾಸವೇನು ಬಂದಿತು? ಇಬ್ಬನಿ, ಚಳಿ, ದೀರ್ಘವಾದ ರಾತ್ರಿ ಇವು ಮೂರೂ ನಮ್ಮಲ್ಲಿ ಒಟ್ಟಿಗೇ ಬರುತ್ತವೆ. ಸುಮ್ಮನೆ ನೋಡುತ್ತ ಕುಳಿತರೆ ಯಾವುದು ಕಾರಣವೆಂದು ಯಾರೂ ಹೇಳಲಾರರು. ಒಟ್ಟಿಗಿರುವವುಗಳನ್ನು ಬೇರ್ಪಡಿಸುವುದೇ ಪ್ರಯೋಗದ ಕೆಲಸ. ಆಗಸ್ಟ್ ತಿಂಗಳ ನಡುವೆ ಎರಡು ಕುಂಡಗಳಲ್ಲಿ ಒಂದೇ ನಾಟಿ ಅವರೆಯ ಬೀಜಗಳನ್ನು ಬಿತ್ತಬೇಕು. ಹೆಬ್ಬಾಳದ ಅವರೆ ಬೇಡ. ಅದನ್ನು ವರ್ಷದ ಯಾವ ಕಾಲದಲ್ಲಾದರೂ ಹೂಬಿಡುವಂತೆಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದ್ದಾರೆ. ಎರಡು ಕುಂಡಗಳನ್ನೂ ಬಯಲಿನಲ್ಲಿಯೇ ಇಡಬೇಕು: ಅದೇ ಇಬ್ಬನಿ, ಅದೇ ಚಳಿ, ಅದೇ ನೀರು. ಸೆಪ್ಟೆಂಬರಿನಿಂದ ಒಂದರ ಮೇಲೆ ಮಾತ್ರ ಸಂಜೆಯಿಂದ ರಾತ್ರಿ ಹತ್ತರವರೆಗೆ ಒಂದು ದೀಪ ಉರಿಯಲಿ. ಇನ್ನೊಂದು ಗೋಡೆಯ ಆಚೆ ಕತ್ತಲೆಯಲ್ಲಿರಲಿ. ದೀಪ ಹಾಕುವ ಅಧಿಕಾರವನ್ನು ಮಗುವಿಗೆ ವಹಿಸಿದರೆ ಅದು ಒಂದು ದಿನವೂ ತಪ್ಪುವುದಿಲ್ಲ. ನಮ್ಮಲ್ಲಿ ಕತ್ತಲೆಯ ಕುಂಡವು ಹೊಲದ ಅವರೆಯ ಜೊತೆಗೇ ಹೂಬಿಟ್ಟಾಗ ದೀಪದ ಕುಂಡದ ಬಳ್ಳಿಯು ಬರಿಯ ಎಲೆಗಳನ್ನು ಹೊತ್ತು ಚಪ್ಪರಕ್ಕೇರುತ್ತಿತ್ತು. ಅಜ್ಜಿಯು ಎರಡನ್ನೂ ಬಹಳ ಹೊತ್ತು ನೋಡಿ, ಬೀದಿಯ ದೀಪದ ಕೆಳಗಿನ ಮಡಿಯಲ್ಲಿ ಅವರೆ ಏಕೆ ತಡವಾಗುತ್ತದೆಂದು ಈಗ ತಿಳಿಯಿತೆಂದರು. ಅದು ನಮಗೆ ತಿಳಿಯದಿದ್ದ ಸಂಗತಿ.

ಕಾಯಿ, ಸುಂಕು, ಬೆಂಡು

ಈ ದಿನಗಳಲ್ಲಿ ಹೊಲ ಸುತ್ತಿ ಬಂದ ಮಗುವಿನ ಬಟ್ಟೆಯೇ ಒಂದು ವಸ್ತುಸಂಗ್ರಹ. ಉತ್ತರಾಣಿ, ಮರುಳುಮತ್ತಿ, ನೆಗ್ಗಿಲು ಇವನ್ನು ಬೆಂಕಿಪೆಟ್ಟಿಗೆಗಳಲ್ಲಿ ತುಂಬಿ, ಭೂತಗನ್ನಡಿಯಿಂದ ಕೊಕ್ಕೆಗಳನ್ನು ನೋಡಿಸಬಹುದು. ಬಾಯಿಗೆ ಹಾಕಿಕೊಳ್ಳದಂತೆ ಎಚ್ಚರವಿರಲಿ. ಮರುಳುಮತ್ತಿಯ ಬೀಜವೂ ಎಳೆಯ ಸಸಿಯೂ ವಿಷ. ಎಕ್ಕದ ಕಾಯಿಯ ರೇಷ್ಮೆಯಂತಹ ತುಪ್ಪಳ ಹಾರಿಬಿಡಲು ಚೆನ್ನ, ಆದರೆ ಅದರ ಹಾಲು ಕಣ್ಣಿಗೆ ತಾಗಬಾರದು.

ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದೊಂದು ಬೀಳು ನೆಲದ ಹುಲ್ಲಿನಲ್ಲಿದೆ. ಮಳೆಗಾಲ ಕಳೆದೊಡನೆ ಕೆಲವು ಹುಲ್ಲುಗಳ ಬೀಜಗಳು ಸೂಜಿಯಂತೆ ಪಂಚೆಗೆ ಚುಚ್ಚಿಕೊಳ್ಳುವುದು ಎಲ್ಲರ ಅನುಭವ. ಅಂತಹ ಬೀಜಕ್ಕೆ ಕಂದು ಬಣ್ಣದ ಉದ್ದವಾದ ಸುಂಕು ಇರುತ್ತದೆ. ಅದರ ಕೆಳಭಾಗ ಹಗ್ಗದಂತೆ ಹುರಿಗೊಂಡು, ಮೇಲ್ಭಾಗ ಮೊಣಕೈಯಂತೆ ಬಾಗಿರುತ್ತದೆ. ಇದನ್ನು ಅಂಗೈಯಲ್ಲಿಟ್ಟು ಒಂದು ಹನಿ ನೀರು ಹಾಕಿದರೆ ಅದು ಜೀವವಿದ್ದಂತೆ ಹೊರಳುತ್ತದೆ. ಸುಂಕಿನ ಜೀವಕೋಶಗಳ ಭಿತ್ತಿಯಲ್ಲಿ ನಾರುಗಳು ಓರೆಯಾಗಿ ಸುತ್ತಿಕೊಂಡಿರುವುದರಿಂದ, ನೀರು ಹೀರಿ ಭಿತ್ತಿ ಉಬ್ಬಿದಾಗ ಹುರಿ ಬಿಚ್ಚುತ್ತದೆ, ಒಣಗಿದಾಗ ಮತ್ತೆ ಬಿಗಿಯುತ್ತದೆ. ಹಗಲಿನ ಬಿಸಿಲಿಗೂ ಇರುಳಿನ ತೇವಕ್ಕೂ ಹೀಗೆ ತಿರುಗಿ ತಿರುಗಿ ಬೀಜವು ಬೈರಿಗೆಯಂತೆ ನೆಲದೊಳಗೆ ಇಳಿಯುತ್ತದೆ.

ಒಂದು ರಟ್ಟಿನ ನಡುವೆ ರಂಧ್ರ ಮಾಡಿ, ಬೀಜದ ತುದಿಯನ್ನು ಮೇಣದಿಂದ ಭದ್ರಪಡಿಸಿ, ಬಾಗಿದ ತೋಳಿಗೆ ಹಗುರವಾದ ಕಾಗದದ ಮುಳ್ಳೊಂದನ್ನು ಅಂಟಿಸಿದರೆ ಗಾಳಿಯ ತೇವವನ್ನು ತೋರಿಸುವ ಯಂತ್ರ ಸಿದ್ಧವಾಯಿತು. ಬಾಯಿಯುಸಿರು ಬಿಟ್ಟರೆ ಮುಳ್ಳು ಒಂದು ಕಡೆಗೆ, ಬಿಸಿಲಿಗಿಟ್ಟರೆ ಇನ್ನೊಂದು ಕಡೆಗೆ ತಿರುಗುತ್ತದೆ. ಸ್ಥಿತಿಸ್ಥಾಪಕತ್ವದ ನಿಯಮಕ್ಕೆ ಹೆಸರು ಕೊಟ್ಟ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೋಗ್ರಾಫಿಯ’ ಗ್ರಂಥದಲ್ಲಿ ಕಾಡು ಓಟ್ಸ್ ಹುಲ್ಲಿನ ಸುಂಕಿನಿಂದ ಮಾಡಿದ ಇಂತಹುದೇ ಉಪಕರಣವನ್ನು ವರ್ಣಿಸಿದ್ದಾನೆ. ರಟ್ಟಿನ ಮೇಲೆ ಒಂದು ಕಡೆ ಮೋಡವನ್ನೂ ಇನ್ನೊಂದು ಕಡೆ ಸೂರ್ಯನನ್ನೂ ಬರೆಯುವುದು ಮಗುವಿನ ಪಾಲಿನ ಕೆಲಸ.

ತೇವದ ಯಂತ್ರದ ಪಕ್ಕದಲ್ಲಿಯೇ ಬೆಂಡಿನ ಗುಂಡನ್ನು ನೇತುಹಾಕಬೇಕು. ಮುಸುಕಿನ ಜೋಳದ ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರವಾದ ಬಿಳಿಯ ಬೆಂಡು ದೊರೆಯುತ್ತದೆ. ಹಳ್ಳಿಯ ಮಕ್ಕಳು ಇದರಿಂದ ಗಾಡಿ, ಕನ್ನಡಕಗಳನ್ನು ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆ ಗಾಡಿಯಲ್ಲಿ ಉಳಿದ ಚೂರೊಂದನ್ನು ಕಡಲೆಕಾಳಿನಷ್ಟು ಗುಂಡಗೆ ಮಾಡಿ ರೇಷ್ಮೆಯ ಎಳೆಯಿಂದ ತೂಗಬಿಟ್ಟು, ಪ್ಲಾಸ್ಟಿಕ್ಕಿನ ಬಾಚಣಿಗೆಯನ್ನು ಕಂಬಳಿಗೆ ಉಜ್ಜಿ ಹತ್ತಿರ ತಂದರೆ ಗುಂಡು ಬಾಚಣಿಗೆಯತ್ತ ಹಾರುತ್ತದೆ, ಅದನ್ನು ಮುಟ್ಟುತ್ತದೆ, ಮುಟ್ಟಿದ ಮೇಲೆ ಅದರಿಂದ ದೂರ ಸರಿಯುತ್ತದೆ. ಬಾಚಣಿಗೆಯ ವಿದ್ಯುದಂಶದಲ್ಲಿ ಪಾಲು ಪಡೆದು ತಾನೂ ಸಜಾತಿಯಾದುದೇ ವಿಕರ್ಷಣೆಗೆ ಕಾರಣ. ಹದಿನೆಂಟನೆಯ ಶತಮಾನದ ನಡುವೆ ಇಂಗ್ಲೆಂಡಿನ ಜಾನ್ ಕ್ಯಾಂಟನ್ ಬಳಸಿದ ವಿದ್ಯುದ್ದರ್ಶಕ ಇಂತಹ ಬೆಂಡಿನ ಗುಂಡುಗಳದೇ. ಬಾಚಣಿಗೆಯನ್ನು ಮಗುವಿನ ತಲೆಗೂದಲಿಗೆ ಉಜ್ಜಬಹುದು. ಆದರೆ ಅಜ್ಜಿಯಿರುವ ಮನೆಯಲ್ಲಿ ಎಣ್ಣೆಯಿಲ್ಲದ ತಲೆ ದೊರೆಯುವುದು ದುರ್ಲಭವಾದುದರಿಂದ ಕಂಬಳಿಯನ್ನು ಸೂಚಿಸಿದ್ದೇವೆ.

ಹಸ್ತ ಮಳೆಯ ದಿನಗಳಲ್ಲಿ ಈ ಆಟ ಸರಿಯಾಗಿ ನಡೆಯುವುದಿಲ್ಲ. ತೇವದ ಗಾಳಿಯಲ್ಲಿ ಎಲ್ಲ ವಸ್ತುಗಳ ಮೇಲೆಯೂ ನೀರಿನ ಅತಿ ತೆಳುವಾದ ಪೊರೆ ನಿಂತು, ವಿದ್ಯುದಂಶವು ಅದರ ಮೂಲಕ ಸೋರಿಹೋಗುತ್ತದೆ. ಕಾರ್ತಿಕ ಕಳೆದು ಗಾಳಿ ಒಣಗಿದ ಹಾಗೆಲ್ಲ ಗುಂಡಿನ ಹಾರಾಟ ಚುರುಕಾಗುತ್ತದೆ. ಪ್ರತಿದಿನವೂ ಹುಲ್ಲಿನ ಮುಳ್ಳು ಎಲ್ಲಿದೆ, ಗುಂಡು ಎಷ್ಟು ದೂರದಿಂದ ಹಾರಿತು ಎಂಬೆರಡನ್ನೂ ನೋಡುತ್ತ ಹೋದರೆ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ತೋರುವ ಈ ಎರಡು ಆಟಿಕೆಗಳು ಒಂದೇ ಸುದ್ದಿಯನ್ನು ಹೇಳುತ್ತಿರುವುದು ಐದು ವರ್ಷದ ಮಗುವಿಗೂ ಹೊಳೆಯುತ್ತದೆ.

ಎರಡು ಬಗೆಯ ಹನಿಗಳು

ನಮ್ಮ ಪ್ರದೇಶವು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರವಿರುವುದರಿಂದ ಮೋಡ ಸರಿದ ಇರುಳುಗಳು ಬೇಗ ತಣಿಯುತ್ತವೆ, ಇಬ್ಬನಿ ಧಾರಾಳ. ಇಬ್ಬನಿಯು ಆಕಾಶದಿಂದ ಬೀಳುತ್ತದೆ ಎನ್ನುವುದು ಮಾತಿನ ರೂಢಿ. ಅದು ಬೀಳುವುದಿಲ್ಲ, ಹುಟ್ಟುತ್ತದೆ. ಹುಲ್ಲು, ಎಲೆ, ಹೆಂಚುಗಳು ತಮ್ಮ ಉಷ್ಣವನ್ನು ತೆರೆದ ಆಕಾಶಕ್ಕೆ ವಿಕಿರಣದಿಂದ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಂಪಾದಾಗ, ಅವುಗಳನ್ನು ಮುಟ್ಟಿದ ಗಾಳಿಯಲ್ಲಿನ ನೀರಾವಿ ಹನಿಗೂಡುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇದನ್ನು 1814ರ ತನ್ನ ಪ್ರಬಂಧದಲ್ಲಿ ಸಿದ್ಧಪಡಿಸಿದ್ದು ತೂಗಿದ ಉಣ್ಣೆಯ ಉಂಡೆಗಳನ್ನು ರಾತ್ರಿ ಹೊರಗಿಟ್ಟು, ಬೆಳಗ್ಗೆ ಮತ್ತೆ ತೂಗುವ ಸರಳ ಉಪಾಯದಿಂದ.

ಇದಕ್ಕೆ ಬೇಕಾದ ತಕ್ಕಡಿ ತೆಂಗಿನ ಸೀಮೆಯಲ್ಲಿ ಪುಕ್ಕಟೆ. ಸಮನಾದ ಎರಡು ಚಿಪ್ಪುಗಳು, ಒಂದು ಹಗುರವಾದ ಕೋಲು, ದಾರ, ಇಷ್ಟೇ. ಒಂದೇ ತೂಕದ ಎರಡು ಹಿಡಿ ಹತ್ತಿಯಲ್ಲಿ ಒಂದನ್ನು ಬಯಲಿನಲ್ಲಿಯೂ ಇನ್ನೊಂದನ್ನು ಜಗಲಿಯ ಸೂರಿನ ಕೆಳಗೂ ಇಟ್ಟು ಬೆಳಗ್ಗೆ ತಕ್ಕಡಿಗೆ ಹಾಕಿದರೆ ಬಯಲಿನ ಚಿಪ್ಪು ಕೆಳಗಿಳಿಯುತ್ತದೆ. ಸೂರಿನ ಕೆಳಗಿನದಕ್ಕೆ ತಣ್ಣನೆಯ ಆಕಾಶ ಕಾಣಲಿಲ್ಲ; ಅದು ಕೊಟ್ಟ ಉಷ್ಣದ ಬಹುಭಾಗವನ್ನು ಸೂರು ಹಿಂದಿರುಗಿಸಿತು. ಮೋಡ ಕವಿದ ರಾತ್ರಿಯಲ್ಲಿ ಮೋಡವೇ ಸೂರಾಗುತ್ತದೆ, ತಕ್ಕಡಿ ಸಮವಾಗಿರುತ್ತದೆ.

ಇಷ್ಟಾದ ಮೇಲೆ ರಾಗಿಯ ಹೊಲಕ್ಕೆ ಹೋಗಬೇಕು. ಮುಂಜಾನೆ ರಾಗಿಯ ಎಲೆಗಳ ತುದಿಯಲ್ಲಿ ಒಂದೊಂದೇ ದೊಡ್ಡ ಹನಿ ಮುತ್ತಿನಂತೆ ನಿಂತಿರುತ್ತದೆ. ಇದನ್ನೂ ಇಬ್ಬನಿಯೆಂದೇ ಕರೆಯುತ್ತಾರೆ. ಆದರೆ ಎಲೆಯ ಮೈಮೇಲಿನ ನುಣ್ಣನೆಯ ಹನಿಗಳಿಗೂ ತುದಿಯ ಈ ಹನಿಗೂ ಹುಟ್ಟು ಬೇರೆ. ಇರುಳಿನಲ್ಲಿ ಎಲೆಯ ಬಾಷ್ಪವಿಸರ್ಜನೆ ನಿಂತಿರುವಾಗಲೂ ಬೇರುಗಳು ತೇವದ ನೆಲದಿಂದ ನೀರನ್ನು ಮೇಲಕ್ಕೊತ್ತುತ್ತಿರುತ್ತವೆ, ಆ ನೀರು ಎಲೆಯ ತುದಿಯ ಸೂಕ್ಷ್ಮ ರಂಧ್ರಗಳಿಂದ ಒಸರುತ್ತದೆ. ಪರೀಕ್ಷೆ ಹೀಗೆ: ಸಂಜೆ ಒಂದೆರಡು ಎಳೆಯ ಪೈರುಗಳ ಮೇಲೆ ಮಡಕೆಯೊಂದನ್ನು ಕವುಚಿಟ್ಟು, ಬೆಳಗ್ಗೆ ಮಗುವೇ ಅದನ್ನು ಎತ್ತಲಿ. ಆಕಾಶಕ್ಕೆ ಮಡಕೆ ಅಡ್ಡಬಂದುದರಿಂದ ಎಲೆಯ ಮೈ ಹೆಚ್ಚುಕಡಮೆ ಒಣಗಿರುತ್ತದೆ. ತುದಿಯಲ್ಲಿ ಮಾತ್ರ ಹನಿ ನಿಂತಿರುತ್ತದೆ. ಕಾರ್ತಿಕ ಮುಗಿಯುವುದರೊಳಗೆ ಇದನ್ನು ಮಾಡಿಕೊಳ್ಳಬೇಕು. ತೆನೆ ಬಲಿತು ಎಲೆಗಳು ಒಣಗಲಾರಂಭಿಸಿದ ಮೇಲೆ ತುದಿಯ ಹನಿ ಕಾಣಸಿಗುವುದಿಲ್ಲ.